ನಮೂನೆಯ ಎದೆ

"ಇವರು ಯಾವ ವಾರ್ಡಲ್ಲಿದಾರೆ?" ಹೃದಯದ ಡಾಕ್ಟರಮ್ಮ ಕಾಗದದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು. "ಇಷ್ಟು ಹೊತ್ತು ಯಾರೂ ಹೇಳ್ಲೇ ಇಲ್ವಲ್ಲ! ಈಗಲೇ ಮೇಲಕ್ಕೆ ಕರ್ಕೊಂಡು ಬನ್ನಿ. ನಡೆಸಬೇಡಿ ಮತ್ತೆ, ಗಾಲಿಕುರ್ಚೀಲಿ ಕೂರಿಸ್ಕೊಂಡು ಬನ್ನಿ."

ಆಸ್ಪತ್ರೆಯ ಮೆಟ್ಟಿಲಿನ ತಿರುವಿನಲ್ಲಿ ಅವರನ್ನು ಅಡ್ಡಗಟ್ಟಿ ಪಟ್ಟಿ ಕೈಗಿಟ್ಟಿದ್ದ ರಿಪೇರಿಯವರು ಸುಮ್ಮನೆ ನಿಂತಿದ್ದರು. ಎದೆಬಡಿತವನ್ನು ಗೆರೆಯಾಗಿ ಬರೆಯುವ ಯಂತ್ರ, ರಕ್ತದ ಫ್ರಿಜ್ಜಿನ ತಂಪನ್ನು ದುಂಡು ಕಾಗದದ ಮೇಲೆ ವಾರಪೂರ್ತಿ ಗೀಚುವ ಪೆಟ್ಟಿಗೆ, ಹೊಟ್ಟೆಯೊಳಗಿನ ಮಗುವಿನ ಮಿಡಿತ ಬರೆಯುವ ಇನ್ನೊಂದು, ಹೀಗೆ ಕಾಗದ ನುಂಗಿ ಗೆರೆ ಕಾರುವ ಯಂತ್ರ ಆ ಆಸ್ಪತ್ರೆಯಲ್ಲಿ ಏನೇನಿತ್ತೋ ಅದನ್ನೆಲ್ಲ ಮೂವತ್ತೊಂದು ವರ್ಷದಿಂದ ಬಿಚ್ಚಿ ಜೋಡಿಸುತ್ತ ಬಂದವರು ಅವರು. ಕಾಗದವನ್ನು ಡಾಕ್ಟರಿಗೆ ತೋರಿಸಲು ಬಂದದ್ದು ಇದೇ ಮೊದಲು.

"ಕೇಳಿಸ್ತಾ? ಯಾರು ಇವರು?"

"ನಮ್ಮ ನಮೂನೆ, ಮೇಡಂ. ಬಟ್ಟೆ ಉಗ್ರಾಣದವನು. ನಿನ್ನೆ ಬೆಳಿಗ್ಗೆ ಹೋಗ್ಬಿಟ್ಟ. ಹನ್ನೊಂದಕ್ಕೆ ಮಣ್ಣು."

ಡಾಕ್ಟರಮ್ಮ ಕೈ ಕೆಳಗಿಳಿಸಿದರು. ಮೇಲಿನಿಂದ ಯಾರೋ ಬಕೆಟ್ಟು ಹಿಡಿದು ಇಳಿದು ಬಂದು ಇಬ್ಬರ ನಡುವೆ ನುಸುಳಿ ಹೋದರು.

"ಯಂತ್ರದ ದೋಷ ಇರಬಹುದಲ್ವಾ?" ರಿಪೇರಿಯವರ ದನಿ ಬೇಡುವವರ ದನಿಯಾಗಿತ್ತು. "ಒಳಗೆ ಒಂದು ಕೆಪಾಸಿಟರ್ ಸುಸ್ತಾದ್ರೂ ಗೆರೆ ಹೀಗೇ ಬೀಳತ್ತೆ. ನಾನೇ ಎಷ್ಟೋ ಸಲ ನೋಡಿದೀನಿ."

"ಆ ಯಂತ್ರ ಈಗೆಲ್ಲಿದೆ?"

"ನಿಮ್ಮ ವಾರ್ಡಲ್ಲೇ."

"ಕಿಟಕಿ ಪಕ್ಕದ್ದಾ? ದಿನಾ ನಾನು ನೋಡೋದು ಅದರದೇ ಕಾಗದ. ಮುತ್ತು ಪೋಣಿಸಿದ ಹಾಗೆ ಬರೀತಿದೆ." ಡಾಕ್ಟರಮ್ಮ ಪಟ್ಟಿಯ ಅಂಚಿನಲ್ಲಿದ್ದ ತಾರೀಕು ನೋಡಿದರು. "ನಾಲ್ಕು ತಿಂಗಳ ಹಿಂದಿನದು ಇದು."

"ಹೌದು. ಆವಾಗಲೇ ತೋರಿಸಿದ್ರೆ ಉಳೀತಿದ್ನಾ?"

ಅಂಥ ಪ್ರಶ್ನೆಗೆ ಡಾಕ್ಟರುಗಳ ಬಳಿ ಸಿದ್ಧ ಉತ್ತರವೊಂದಿರುತ್ತದೆ. ಅದು ಆಕೆಯ ಬಾಯಿತನಕ ಬಂದದ್ದೂ ಕಾಣಿಸಿತು. ಆದರೆ ರಿಪೇರಿಯವರ ಮುಖ ನೋಡಿ ಆಕೆ ಅದನ್ನು ನುಂಗಿಕೊಂಡರು. "ಉಳೀಬಹುದಿತ್ತು," ಎಂದರು. "ಖಂಡಿತ ಅಂತ ಹೇಳಲ್ಲ. ಉಳೀಬಹುದಿತ್ತು."

ರಿಪೇರಿಯವರು ಪಟ್ಟಿಯನ್ನು ಇಸಿದುಕೊಂಡು, ಅದನ್ನು ಕಿತ್ತು ತೆಗೆದಿದ್ದ ದಪ್ಪ ಪುಸ್ತಕದೊಳಗೇ ಮತ್ತೆ ಇಟ್ಟು, ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಸಾವಿನ ಮನೆಗೆ ಹೊರಟರು.

ಸಿಬ್ಬಂದಿಯ ಮನೆಗಳು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿದ್ದವು. ಎರಡನೇ ಮಹಡಿಯ ಆ ಮನೆಗೆ ಕಾಲಿಡುವವರೆಲ್ಲ ಮೊದಲು ಒಂದು ಕಬ್ಬಿಣದ ಬೀರುವನ್ನು ಬಳಸಿಕೊಂಡು ಹೋಗಬೇಕಿತ್ತು. ಅದು ನಡುಮನೆಯ ಮಧ್ಯೆ ಓರೆಯಾಗಿ ನಿಂತಿತ್ತು. ಒಂದು ಕಾಲು ಹಳೆಯ ಜಾಗದ ಕಡೆ, ಇನ್ನೊಂದು ಕಾಲು ಹೊಸ ಜಾಗದ ಕಡೆ. ಅದನ್ನು ನೂಕಿ ಗೋಡೆಗೆ ಸೇರಿಸುವ ಧೈರ್ಯ ನಿನ್ನೆಯಿಂದ ಯಾರಿಗೂ ಬಂದಿರಲಿಲ್ಲ.

"ನಾನೇ ಸರಿಸು ಅಂದಿದ್ದು," ಎನ್ನುತ್ತಿದ್ದಳು ನಮೂನೆಯ ಹೆಂಡತಿ, ಬಂದ ಪ್ರತಿಯೊಬ್ಬರಿಗೂ, ಬಿಡದೆ. ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು ಆಕೆ. "ಹೊಲಿಗೆ ಯಂತ್ರಕ್ಕೆ ಕಿಟಕಿ ಬೆಳಕು ಬೀಳಲಿ ಅಂತ. ನಾಳೆ ಸರಿಸ್ತೀನಿ ಕಣೇ ಅಂದ. ನಿನ್ನ ನಾಳೆ ನೋಡಿ ನೋಡಿ ಸಾಕಾಗಿದೆ ಅಂದೆ. ಅರ್ಧ ತಳ್ಳಿದ. ಅಲ್ಲೇ ಕೂತ. ಅಷ್ಟೇ."

"ಸುಮ್ನಿರೇ," ಎಂದ ಆಕೆಯ ಅಣ್ಣ. "ಗುಂಡುಕಲ್ಲಿನ ಹಾಗಿದ್ದ ಮನುಷ್ಯ. ಒಂದು ಬೀರು ಯಾವ ಲೆಕ್ಕ?"

"ಅದೇ ನಾನೂ ಹೇಳ್ತಿರೋದು. ಗುಂಡುಕಲ್ಲಿನ ಹಾಗಿದ್ದವನನ್ನ ಬೀರು ತಳ್ಳಿಸಿ ಕೊಂದೆ."

ಆಂಬುಲೆನ್ಸ್ ಓಡಿಸುವವನು, ಪಾಪ, ಸಹಾಯಕ್ಕೆಂದು ಮುಂದೆ ಬಂದ. "ಅಕ್ಕಾ, ಅವನ ಎದೆ ಎಂಥದು ಅಂತ ಇಡೀ ಆಸ್ಪತ್ರೆಗೇ ಗೊತ್ತು. ಯಂತ್ರಗಳೆಲ್ಲ ಅವನನ್ನ ನೋಡಿ ಬರೆಯೋದು ಕಲಿತಿದ್ದಲ್ವಾ?"

ಸಮಾಧಾನ ಮಾಡಲು ಬಂದವರೆಲ್ಲ ಹೀಗೆ ಸತ್ತವನ ಎದೆಯನ್ನು ಹೊಗಳಿ ಹೊಗಳಿ ಆಕೆಯನ್ನು ಇನ್ನೂ ಆಳದ ಗುಂಡಿಗೆ ನೂಕುತ್ತಿದ್ದರು. ಗಟ್ಟಿ ಎದೆ ಅಂದಷ್ಟೂ ಬೀರುವಿನ ತಪ್ಪು ದೊಡ್ಡದಾಗುತ್ತಿತ್ತು. ರಿಪೇರಿಯವರು ಬಾಗಿಲ ಬಳಿ ಪುಸ್ತಕ ಅವುಚಿಕೊಂಡು ನಿಂತು ಇದನ್ನೆಲ್ಲ ಕೇಳಿದರು. ಅವರಿಗೆ ಹೆದರಿಕೆಯಾಗಿತ್ತು. ಅಳುವ ಮನೆಯಲ್ಲಿ ಹೆದರಿಕೊಂಡು ನಿಂತವರನ್ನು ಯಾರೂ ಗಮನಿಸುವುದಿಲ್ಲ, ಅಷ್ಟು ಪುಣ್ಯ.

*

ಮೂವತ್ತೊಂದು ವರ್ಷದ ಹಿಂದೆ ರಿಪೇರಿಯವರು ಕೆಲಸಕ್ಕೆ ಸೇರಿದಾಗ, ಯಂತ್ರ ಸರಿಯಾಯಿತೋ ಇಲ್ಲವೋ ಎಂದು ಪರೀಕ್ಷಿಸುವ ಪೆಟ್ಟಿಗೆಯೊಂದು ಬರುತ್ತದೆ ಎಂದಿದ್ದರು. ಅದು ಬರುತ್ತದೆ ಎಂಬ ಪತ್ರ ಬಂತು. ಮತ್ತೊಂದು ಪತ್ರ ಬಂತು. ಪೆಟ್ಟಿಗೆ ಬರಲಿಲ್ಲ. ಹಾಗಾಗಿ ಯಂತ್ರವನ್ನು ಜೋಡಿಸಿದ ಮೇಲೆ ಯಾವುದಾದರೂ ಮನುಷ್ಯನ ಎದೆಯನ್ನೇ ಬರೆಸಿ ನೋಡಬೇಕಿತ್ತು. ತಮ್ಮದನ್ನೇ ಬರೆಸೋಣವೆಂದರೆ, ಯಂತ್ರ ಸರಿಹೋಗುತ್ತದೋ ಇಲ್ಲವೋ ಎಂಬ ಆತಂಕಕ್ಕೆ ಅವರ ಎದೆ ಢವಢವ ಹೊಡೆದುಕೊಂಡು ಗೆರೆಯೆಲ್ಲ ಅಡ್ಡಾದಿಡ್ಡಿಯಾಗುತ್ತಿತ್ತು.

ಆ ಹೊತ್ತಿಗೆ ಪಕ್ಕದ ಬಟ್ಟೆ ಉಗ್ರಾಣದವನು ಸ್ಕ್ರೂಡ್ರೈವರ್ ಕೇಳಿಕೊಂಡು ಬಂದ. ಹಾಸಿಗೆ ಹೊದಿಕೆ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ಬಟ್ಟೆ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವ ಕೆಲಸ ಅವನದು.

"ಅಂಗಿ ಬಿಚ್ಚು. ಮಲಕ್ಕೋ," ಎಂದರು ರಿಪೇರಿಯವರು.

"ಸ್ಕ್ರೂಡ್ರೈವರ್ ಕೇಳಿದ್ರೆ ಇಷ್ಟೆಲ್ಲಾ ಮಾಡ್ಬೇಕಾ?"

ಆದರೂ ಮಲಗಿದ. ಕೈಕಾಲಿಗೆ ರಬ್ಬರ್ ಪಟ್ಟಿ ಬಿಗಿದು ಗುಂಡಿ ಒತ್ತಿದರೆ, ಯಂತ್ರ ಎಂಥ ಗೆರೆ ಬರೆಯಿತು! ಮೊದಲು ಒಂದು ಚಿಕ್ಕ ದಿಬ್ಬ, ಆಮೇಲೆ ನೆಟ್ಟಗೆ ಒಂದು ಗೋಪುರ, ಆಮೇಲೆ ಬೋರಲು ಹಾಕಿದ ಬಟ್ಟಲಿನಂಥ ಮೂರನೇ ದಿಬ್ಬ. ಮತ್ತೆ ಅದೇ, ಮತ್ತೆ ಅದೇ, ಪಾಠದ ಪುಸ್ತಕದಿಂದ ಹರಿದು ತಂದ ಹಾಗೆ.

"ನೀನು ನಮೂನೆ ಕಣಯ್ಯಾ!" ರಿಪೇರಿಯವರು ಕೂಗಿಬಿಟ್ಟರು.

"ಯಾಕೆ, ನಾನೇನು ವಿಚಿತ್ರವಾಗಿದೀನಾ?" ಅವನಿಗೆ ಸಿಟ್ಟು ಬಂದಿತ್ತು. ಎಲ್ಲರೂ ಹೀಗೇ ಇರಬೇಕು ಎನ್ನುವಂಥ ಮಾದರಿ ಎಂಬ ಅರ್ಥದಲ್ಲಿ ಹೇಳಿದ್ದೆಂದು ಬಿಡಿಸಿ ಹೇಳಿದ ಮೇಲೆ ಸಿಟ್ಟು ಇಳಿದು, ಜಂಬ ಏರಿತು. ಮಿಕ್ಕವರು ಮಾತ್ರ ಕೊನೆತನಕ ಮೊದಲಿನ ಅರ್ಥವನ್ನೇ ಇಟ್ಟುಕೊಂಡರು. ಅವನೊಂಥರಾ ನಮೂನೆ ಎಂದರೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಅಲ್ಲಿಂದ ಪ್ರತಿ ಶುಕ್ರವಾರ ಊಟದ ಬಿಡುವಿನಲ್ಲಿ ನಮೂನೆ ಬಂದು ಬೆಂಚಿನ ಮೇಲೆ ಮಲಗುತ್ತಿದ್ದ. ಗುರುವಾರ ಎದೆಗೆ ಸೋಪು ಹಾಕಿ ತಿಕ್ಕುತ್ತಿದ್ದ. ಶುಕ್ರವಾರ ಬೆಳಿಗ್ಗೆ ಯಾರಾದರೂ ಜಗಳಕ್ಕೆ ಬಂದರೆ, "ಮಧ್ಯಾಹ್ನ ಆದ್ಮೇಲೆ ಬನ್ನಿ, ಈಗ ನಾನು ಸಿಟ್ಟು ಮಾಡ್ಕೊಳ್ಳೋ ಹಾಗಿಲ್ಲ," ಎಂದು ಕೈ ಮುಗಿಯುತ್ತಿದ್ದ. ಯಾವ ಯಂತ್ರವೂ ಅವನ ಎದೆಯನ್ನು ಸರಿಯಾಗಿ ಬರೆದ ಮೇಲೆಯೇ ವಾರ್ಡಿಗೆ ಹೋಗಬೇಕು. ರಿಪೇರಿಯವರು ಚೊಕ್ಕ ಪಟ್ಟಿಯೊಂದನ್ನು ಕತ್ತರಿಸಿ, ತಾರೀಕು ಬರೆದು, ಪುಸ್ತಕಕ್ಕೆ ಅಂಟಿಸುತ್ತಿದ್ದರು.

ವರ್ಷಕ್ಕೊಮ್ಮೆ ಸಿಬ್ಬಂದಿಯ ಆರೋಗ್ಯ ತಪಾಸಣೆ ನಡೆದಾಗ ನಮೂನೆ ಸಾಲಿನಲ್ಲಿ ನಿಂತವನೇ ಅಲ್ಲ. "ನನಗ್ಯಾಕೆ ಮಾರಾಯ್ರೇ? ವಾರವಾರ ನೋಡ್ತಾರಲ್ಲ!"

ನೋಡುತ್ತಿದ್ದುದು ಯಂತ್ರವನ್ನು. ಇದು ಇಬ್ಬರಿಗೂ ಹೊಳೆದಿರಲಿಲ್ಲ.

*

ಮಣ್ಣಿಗೆ ಒಯ್ಯುವಾಗ ಆಸ್ಪತ್ರೆಯವರೇ ಹೆಚ್ಚಿದ್ದರು. ಹೊದಿಸಿದ ಬಿಳಿ ಬಟ್ಟೆ ಉಗ್ರಾಣದ್ದು. ಅದರ ಮೂಲೆಯಲ್ಲಿ ಕೆಂಪು ನೂಲಿನ ನಂಬರು ಕಾಣುತ್ತಿತ್ತು. "ಇದನ್ನ ವಾಪಸ್ ಕೊಡೋ ಹಾಗಿಲ್ಲ, ಉಗ್ರಾಣದ ಲೆಕ್ಕದಲ್ಲಿ ಒಂದು ಕಮ್ಮಿ ಬರತ್ತೆ, ಅವನಿಗೆ ಒಳಗೇ ಚಡಪಡಿಕೆ ಶುರುವಾಗಿರತ್ತೆ," ಎಂದ ಆಂಬುಲೆನ್ಸಿನವನು. ಕೆಲವರು ನಕ್ಕರು, ನಕ್ಕದ್ದಕ್ಕೆ ಕಣ್ಣೊರೆಸಿಕೊಂಡರು.

ಶಾಲೆಯಲ್ಲಿ ಪಾಠ ಹೇಳುವ ಮಗಳು ಹೆಜ್ಜೆ ನಿಧಾನ ಮಾಡಿ ರಿಪೇರಿಯವರ ಪಕ್ಕಕ್ಕೆ ಬಂದಳು.

"ಮಾಮಾ, ಅಮ್ಮ ನಿನ್ನೆಯಿಂದ ಒಂದು ತೊಟ್ಟು ನೀರೂ ಬಾಯಿಗೆ ಹಾಕಿಲ್ಲ. ಬೀರು ಬೀರು ಅಂತ ಒಂದೇ ಜಪ. ಯಾರು ಹೇಳಿದ್ರೂ ಕೇಳ್ತಿಲ್ಲ. ನೀವು ಹೇಳಿದ್ರೆ ಕೇಳ್ತಾಳೆ."

"ನಾನು ಏನು ಹೇಳಲಮ್ಮ?"

"ಅಪ್ಪನ ಎದೆ ನಿಮಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತು? ಮೊದಲೇ ಏನೋ ಇತ್ತು, ಬೀರುವಿಂದ ಆಗಿದ್ದಲ್ಲ ಅಂದ್ಬಿಡಿ. ಸುಳ್ಳಾದ್ರೂ ಪರವಾಗಿಲ್ಲ."

ರಿಪೇರಿಯವರು ದಾರಿಯಲ್ಲೇ ನಿಂತುಬಿಟ್ಟರು. ಹಿಂದೆ ಬರುತ್ತಿದ್ದವರು ಅವರನ್ನು ಬಳಸಿಕೊಂಡು ಮುಂದೆ ಹೋದರು. ಈ ಹುಡುಗಿ ಬೇಡುತ್ತಿದ್ದ ಸುಳ್ಳು ಅವರ ಕಂಕುಳಲ್ಲಿ ನಿಜವಾಗಿ ಕೂತಿತ್ತು. ಅದನ್ನು ಬರೀ ಸುಳ್ಳೆಂಬಂತೆ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಹೊಲಿಗೆಯವಳು ಅಷ್ಟಕ್ಕೆ ಬಿಡುವವಳಲ್ಲ. ಏನಿತ್ತು, ಯಾವಾಗಿನಿಂದ, ನಿಮಗೆ ಹೇಗೆ ಗೊತ್ತು ಎಂದು ಎಳೆ ಎಳೆಯಾಗಿ ಬಿಚ್ಚುತ್ತಾಳೆ. ಅವಳ ತಲೆಯ ಮೇಲಿನ ಹೊರೆ ಇಳಿಯಬೇಕಾದರೆ ಅದನ್ನು ತಮ್ಮ ತಲೆಯ ಮೇಲೆ ಎತ್ತಿಕೊಳ್ಳಬೇಕು, ಬೇರೆ ದಾರಿಯಿಲ್ಲ ಎನ್ನುವುದು ಅವರಿಗೆ ಸ್ಪಷ್ಟವಾಗಿತ್ತು.

"ಎಲ್ಲರೂ ಹೋದ್ಮೇಲೆ ಹೇಳ್ತೀನಿ," ಎಂದರು.

*

ನಾಲ್ಕು ತಿಂಗಳ ಹಿಂದಿನ ಆ ಶುಕ್ರವಾರ ರಿಪೇರಿಯವರು ಯಂತ್ರವೊಂದನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದರು. ವಾರವಾರದ ಪರೀಕ್ಷೆಗೆ ಕೈಕಾಲಿನ ರಬ್ಬರ್ ಪಟ್ಟಿ ಸಾಕು. ಪೂರ್ತಿ ಬಿಚ್ಚಿದ ಯಂತ್ರಕ್ಕೆ ಮಾತ್ರ ಎದೆಯ ಮೇಲೂ ರಬ್ಬರ್ ಗುಂಡು ಕಚ್ಚಿಸಿ ಬರೆಸುವುದು ಅವರ ಪದ್ಧತಿ. ಅಂಥ ಸಂದರ್ಭ ಎರಡು ಮೂರು ವರ್ಷಕ್ಕೊಂದು ಸಲ ಬಂದರೆ ಹೆಚ್ಚು.

ಎದೆಯ ಗೆರೆ ಬಂದಾಗ ಮೂರನೇ ದಿಬ್ಬ ದಿಬ್ಬವಾಗಿರಲಿಲ್ಲ. ಬೋರಲಿದ್ದ ಬಟ್ಟಲು ಅಂಗಾತ ಬಿದ್ದಿತ್ತು.

"ಏನದು ಮುಖ ಹಾಗೆ ಮಾಡ್ತೀಯ?" ಮಲಗಿದ್ದ ನಮೂನೆ ಕೇಳಿದ.

"ನಿನಗಲ್ಲ, ಈ ದರಿದ್ರಕ್ಕೆ." ವೈರು ಬದಲಿಸಿದರು. ಎದೆ ಒರೆಸಿ ಅಂಟು ಹೊಸದಾಗಿ ಹಚ್ಚಿದರು. ಬಟ್ಟಲು ಅಂಗಾತವೇ. ಯಂತ್ರದ ಹೊಟ್ಟೆ ಮತ್ತೆ ಬಿಚ್ಚಿ ಕೆಪಾಸಿಟರ್ ಹೊಸದು ಹಾಕಿದರು. ಅಂಗಾತವೇ. ನಮೂನೆ ಅಷ್ಟೂ ಹೊತ್ತು ಬರಿಮೈಯಲ್ಲಿ ಮಲಗಿ, ಉಗ್ರಾಣದ ಬೀಗ ಹಾಕಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದ.

ಅಳೆಯುವ ಸಾಧನಕ್ಕೂ ನಮೂನೆಗೂ ತಾಳೆಯಾಗದಿದ್ದರೆ ತಪ್ಪು ಸಾಧನದ್ದು. ಇದು ಆ ಕಸುಬಿನಲ್ಲಿ ಮೊದಲ ದಿನ ಕಲಿಯುವ ಮಾತು. ತಕ್ಕಡಿ ತಪ್ಪಾದರೆ ತೂಕದ ಕಲ್ಲನ್ನು ಯಾರೂ ಉಜ್ಜುವುದಿಲ್ಲ. ರಿಪೇರಿಯವರು ಪಟ್ಟಿಯನ್ನು ಮಡಚಿ ಅಂಟಿಸಿ, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದರು: ಯಂತ್ರದಲ್ಲಿ ದೋಷ. ಕಂಪನಿಗೆ ವಾಪಸ್.

ಮೂರು ವಾರಕ್ಕೆ ಯಂತ್ರ ಮರಳಿ ಬಂತು, ಜೊತೆಗೊಂದು ಚೀಟಿ: ಯಾವ ದೋಷವೂ ಕಂಡುಬಂದಿಲ್ಲ. "ಕಣ್ಣಿದ್ರೆ ತಾನೇ ಕಂಡುಬರೋಕೆ!" ಎಂದು ರಿಪೇರಿಯವರು ಕಂಪನಿಯ ವಂಶವನ್ನೆಲ್ಲ ಬೈದರು. ಹೊಸ ರೋಗಿಗಳ ನೂಕುನುಗ್ಗಲಲ್ಲಿ ಯಂತ್ರ ನೇರ ವಾರ್ಡಿಗೆ ಹೋಯಿತು. ನಮೂನೆಯ ಎದೆಯ ಮೇಲೆ ಅದು ಮತ್ತೆ ಕೂರಲಿಲ್ಲ. ಮಿಕ್ಕ ಯಂತ್ರಗಳು ವಾರವಾರ ಕೈಕಾಲಿನಿಂದ ಬರೆದ ಗೆರೆ ಎಂದಿನಂತೆ ಚೊಕ್ಕವಾಗಿಯೇ ಇತ್ತು.

*

ಮಧ್ಯಾಹ್ನ ಮೂರರ ಹೊತ್ತಿಗೆ ಮನೆ ಖಾಲಿಯಾಗಿ, ಹೆಂಡತಿ, ಮಗಳು, ರಿಪೇರಿಯವರು ಮೂವರೇ ಉಳಿದರು. ರಿಪೇರಿಯವರು ಕುರ್ಚಿಯ ತುದಿಯಲ್ಲಿ ಕೂತು, ಸುತ್ತುಬಳಸದೆ ಎಲ್ಲವನ್ನೂ ಹೇಳಿದರು. ಪಟ್ಟಿ, ಬಟ್ಟಲು, ಕಂಪನಿಯ ಚೀಟಿ, ಬೆಳಿಗ್ಗೆ ಡಾಕ್ಟರಮ್ಮ ಅಂದದ್ದು. "ಬೀರು ಮುಟ್ಟದಿದ್ರೂ ಆಗ್ತಿತ್ತು ತಂಗೀ. ಇವತ್ತಲ್ಲ ನಾಳೆ, ಮೆಟ್ಟಿಲು ಹತ್ತುವಾಗಲೋ, ಕೂತಲ್ಲೇ ಕೂತಾಗಲೋ. ನಿನ್ನಿಂದ ಆಗಿದ್ದಲ್ಲ," ಎಂದರು.

ಹೆಂಡತಿ ಮೊದಲ ಸಲ ಅಳು ನಿಲ್ಲಿಸಿ ಅವರನ್ನು ನೋಡಿದಳು.

"ನಾಲ್ಕು ತಿಂಗಳಿಂದ ನಿಮಗೆ ಗೊತ್ತಿತ್ತು."

"ಕಂಡಿತ್ತು. ಗೊತ್ತಾಗಲಿಲ್ಲ."

"ಆವಾಗಲೇ ತೋರಿಸಿದ್ರೆ?"

ಮಗಳು, ಬೇಡ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ರಿಪೇರಿಯವರು ಅದನ್ನು ನೋಡಿಯೂ ಹೇಳಿದರು. "ಉಳೀಬಹುದಿತ್ತಂತೆ."

ಆಕೆ ಎದ್ದು ನಿಂತಳು. "ಯಂತ್ರಕ್ಕೆ ಶೀತ ಆದ್ರೆ ಓಡೋಡಿ ಹೋಗ್ತೀರಿ, ಬಿಚ್ಚಿ ನೋಡ್ತೀರಿ. ನನ್ನ ಗಂಡ ಮೂವತ್ತೊಂದು ವರ್ಷ ನಿಮ್ಮ ಮುಂದೆ ಬರಿಮೈಯಲ್ಲಿ ಬಿದ್ಕೊಂಡಿದ್ದನಲ್ಲ, ಒಂದು ಸಲ, ಒಂದೇ ಒಂದು ಸಲ, ಇವನಿಗೆ ಏನಾಗಿದೆ ಅಂತ ಅನ್ನಿಸಲಿಲ್ವಾ? ಎದ್ದು ಹೋಗಿ. ನಿಮ್ಮ ಮುಖ ನೋಡೋಕಾಗಲ್ಲ ನನಗೆ."

ರಿಪೇರಿಯವರು ಎದ್ದರು. ಬೀರುವನ್ನು ಬಳಸಿ ಬಾಗಿಲಿಗೆ ಬಂದು ಚಪ್ಪಲಿಗೆ ಕಾಲು ಹಾಕಿದರು. ಬಲಗಾಲಿನದನ್ನು ಎಡಗಾಲಿಗೆ ಹಾಕಿ, ತೆಗೆದು, ಮತ್ತೆ ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ದನಿ ಬಂತು.

"ಆ ಪುಸ್ತಕ ಇಟ್ಟು ಹೋಗಿ."

ಮರಳಿ ಬಂದು ಪುಸ್ತಕವನ್ನು ಹೊಲಿಗೆ ಯಂತ್ರದ ಮೇಜಿನ ಮೇಲಿಟ್ಟರು. ಆಕೆ ಬಿಡಿಸಿದಳು. ಪುಟದ ತುಂಬ ಗೆರೆ. ಇನ್ನೊಂದು ಪುಟ, ಅದೂ ಗೆರೆ. ಒಂದಿಷ್ಟು ತಿರುವಿ, ತಲೆಯೆತ್ತದೆ ಕೇಳಿದಳು. "ಇದನ್ನ ಎಲ್ಲಿಂದ ಓದಬೇಕು?"

ರಿಪೇರಿಯವರು ನಿಂತಲ್ಲಿಂದಲೇ ಹೇಳಿಕೊಟ್ಟರು. ಚಿಕ್ಕ ದಿಬ್ಬ, ಗೋಪುರ, ಬಟ್ಟಲು, ಇಷ್ಟಾದರೆ ಒಂದು ಬಡಿತ. ಆಕೆಗೆ ಬೇಗ ಹಿಡಿತ ಸಿಕ್ಕಿತು. ಎಷ್ಟೆಂದರೂ ಕಾಗದದ ಮೇಲಿನ ಗೆರೆ ನೋಡಿ ಬಟ್ಟೆ ಕತ್ತರಿಸುವವಳು. ಬೆರಳಿಟ್ಟು ತಾರೀಕು ಹುಡುಕತೊಡಗಿದಳು. ಒಂದು ಕಡೆ ನಿಲ್ಲಿಸಿ, "ಇದೇನು ಇಷ್ಟು ಒತ್ತೊತ್ತಾಗಿದೆ?" ಎಂದಳು.

"ಜೋರಾಗಿ ಬಡ್ಕೊಂಡಿದೆ. ಅವತ್ತು ಎದ್ದು ಎದ್ದು ಕೂರ್ತಿದ್ದ, ಸರಿಯಾಗಿ ಬರಲೇ ಇಲ್ಲ."

"ಇವಳು ಹುಟ್ಟಿದ ದಿನ," ಎಂದಳು ಆಕೆ. ಮಗಳು ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಇನ್ನೊಂದು ತಾರೀಕು ಅವರು ಈ ಮನೆಗೆ ಬಂದ ವಾರದ್ದು, ಮತ್ತೊಂದು ಗಂಡಹೆಂಡಿರು ಹದಿನೈದು ದಿನ ಮಾತು ಬಿಟ್ಟಿದ್ದಾಗಿನದು. ಅದರಲ್ಲಿ ಮಾತ್ರ ಏನೂ ವ್ಯತ್ಯಾಸವಿರಲಿಲ್ಲ. "ನೋಡು, ಎಷ್ಟು ಆರಾಮಾಗಿದಾನೆ ಕಳ್ಳ," ಎಂದು ಆಕೆ ಗೊಣಗಿದಳು. ಮಗಳು ತಂದಿಟ್ಟ ನೀರನ್ನು ಗಮನವಿಲ್ಲದೆಯೇ ಎತ್ತಿ ಕುಡಿದಳು.

ಕೊನೆಗೆ ಆ ಪಟ್ಟಿ ಬಂತು. ಮಡಿಕೆ ಬಿಡಿಸಿ ಮೇಜಿನ ಉದ್ದಕ್ಕೂ ಹಾಸಿದಳು. ಅಂಗಾತ ಬಿದ್ದ ಬಟ್ಟಲುಗಳನ್ನು ತೋರಿಸಿಕೊಡಬೇಕಾಗಲಿಲ್ಲ. ಒಂದೊಂದರ ಮೇಲೂ ಬೆರಳಿಟ್ಟುಕೊಂಡು ಹೋದಳು. ನಡುವೆ ಒಂದು ಕಡೆ ದಿಬ್ಬವೂ ಇಲ್ಲ, ಬಟ್ಟಲೂ ಇಲ್ಲ, ಬರೀ ಗಿಜಿಗಿಜಿ ಗೀಚು.

"ಇದೇನಾ ಅವನನ್ನ ತಿಂದಿದ್ದು?"

"ಅಲ್ಲ. ಅದು ಕಾಯಿಲೆಯಲ್ಲ." ರಿಪೇರಿಯವರು ಮೇಜಿನ ಹತ್ತಿರ ಬಂದರು. "ಅದು ಅವನು ನಕ್ಕಿದ್ದು. ನಕ್ಕರೆ ಮೈಯೆಲ್ಲ ಅದುರಿ ಗೆರೆ ಹಾಗಾಗತ್ತೆ."

"ನಕ್ಕನಾ? ಅವತ್ತು? ಯಾಕೆ?"

"ನಾನಂದೆ, ಈ ಯಂತ್ರಕ್ಕೆ ಹುಚ್ಚು ಹಿಡಿದಿದೆ ಕಣೋ, ನೀನು ಹೃದಯದ ಕಾಯಿಲೆಯವನು ಅಂತ ಬರೀತಿದೆ ಅಂತ. ಅದಕ್ಕೆ. ಇಬ್ಬರೂ ನಕ್ಕಿದ್ವಿ."

ಆಕೆ ಮತ್ತೆ ಬೈಯುತ್ತಾಳೆಂದು ರಿಪೇರಿಯವರು ಕಾದರು. ಬೈದರೆ ಒಳ್ಳೆಯದಿತ್ತು.

"ಬೇರೆ ಪುಟದಲ್ಲಿ ಇಂಥದ್ದು ಇಲ್ವಲ್ಲ," ಎಂದಳು ಆಕೆ.

"ನಕ್ಕಿದ್ದು ಕೆಟ್ಟ ಪ್ರತಿ. ಹರಿದು ಬಿಸಾಕಿ ಇನ್ನೊಂದು ತೆಗೀತಿದ್ದೆ. ಅವತ್ತು ಕಾಗದದ ಸುರುಳಿ ಮುಗಿದುಹೋಗಿತ್ತು. ಅದಕ್ಕೇ ಹಾಗೇ ಅಂಟಿಸಿದೆ."

"ಮೂವತ್ತೊಂದು ವರ್ಷದ್ದೂ ಬಿಸಾಕಿದ್ರಾ?"

"ಹೂಂ."

ಆಕೆ ಹೊಲಿಗೆ ಯಂತ್ರದ ಖಾನೆಯಿಂದ ಅಳತೆ ಟೇಪು ತೆಗೆದಳು. ಅದರ ತುದಿಯನ್ನು ಗೀಚು ಶುರುವಾಗುವ ಜಾಗಕ್ಕೆ ಹಿಡಿದು, ಪಟ್ಟಿಯ ಮೇಲೆ ನೆಟ್ಟಗೆ ಹಾಸಿದಳು. "ಒಂದು ಸೆಕೆಂಡಿಗೆ ಎಷ್ಟು ಓಡತ್ತೆ ನಿಮ್ಮ ಕಾಗದ?"

"ಎರಡೂವರೆ ಸೆಂಟಿಮೀಟರ್. ಹೆಚ್ಚೂಕಮ್ಮಿ ಒಂದು ಇಂಚು."

"ಹದಿನೈದು ಸೆಂಟಿಮೀಟರ್ ಇದೆ."

"ಹಾಗಾದ್ರೆ ಆರು ಸೆಕೆಂಡ್."

ಆಕೆ ಸೀಮೆಸುಣ್ಣದ ಚೂರು ತೆಗೆದುಕೊಂಡು, ನಗು ಮುಗಿದ ಜಾಗಕ್ಕೆ ಗುರುತು ಹಾಕಲು ಹೋಗಿ ಕೈ ಹಿಂದೆ ತೆಗೆದಳು. ಬಟ್ಟೆಗೆ ಹೊಲಿಗೆಯ ಅಂಚು ಬಿಡುವವರ ಹಾಗೆ ಆಚೆಗೊಂದು ಇಂಚು, ಈಚೆಗೊಂದು ಇಂಚು ಹೆಚ್ಚಿಗೆ ಬಿಟ್ಟು, ಎರಡು ಅಡ್ಡಗೆರೆ ಎಳೆದಳು. ಆ ಕಡೆಯ ಇಂಚಿನಲ್ಲಿ ಒಂದು, ಈ ಕಡೆಯ ಇಂಚಿನಲ್ಲಿ ಒಂದು ಅಂಗಾತ ಬಟ್ಟಲು ಸೇರಿಕೊಂಡವು. ಆಕೆ ಅವನ್ನೂ ಒಳಗೇ ಇಟ್ಟುಕೊಂಡು ಕತ್ತರಿಗೆ ಕೈ ಚಾಚಿದಳು.